ಸೃಷ್ಟಿಯ ಎರಡು ವೃತ್ತಾಂತಗಳು

ಈ ತಿಂಗಳಿನ ಪಾಠಕ್ಕೆ ಆದಿಕಾಂಡದ ಮೊದಲನೆಯ ಎರಡು ಅಧ್ಯಾಯಗಳನ್ನು ತೆಗೆದುಕೊಂಡಿದ್ದೇವೆ. ಪ್ರಿಯ ವಾಚಕರು ಮೊದಲು ಸತ್ಯವೇದವನ್ನು ತೆರೆದು ಆ ಎರಡು ಅಧ್ಯಾಯಗಳನ್ನು ನಿಧಾನವಾಗಿ ಓದಿ, ಆಮೇಲೆ ಈ ಪುಟಕ್ಕೆ ಬರಬೇಕೆಂದು ಬೇಡುತ್ತೇವೆ. ಓದು ಬಾರದವರು ಮನೆಯ ಮಕ್ಕಳಿಂದ ಓದಿಸಿ ಕೇಳಲಿ. ಗ್ರಂಥವನ್ನು ಮುಚ್ಚಿಟ್ಟು ಪಾಠವನ್ನು ಮಾತ್ರ ಓದುವದು ಊಟವನ್ನು ಬಿಟ್ಟು ಎಲೆಯನ್ನು ನೋಡಿದ ಹಾಗಾಗುವದು.

ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ಒಂದು ಹಳ್ಳಿಯಲ್ಲಿ ಒಬ್ಬ ಒಕ್ಕಲಿಗನು ದಿನಾಲು ಸಾಯಂಕಾಲ ಮನೆಯವರನ್ನು ಕೂಡಿಸಿ, ಹನ್ನೆರಡು ವರುಷದ ಮಗನಿಂದ ಒಂದೊಂದು ಅಧ್ಯಾಯವನ್ನು ಓದಿಸಿ ಪ್ರಾರ್ಥನೆ ಮಾಡುವ ವಾಡಿಕೆಯುಳ್ಳವನು. ವರುಷದ ಆರಂಭದಲ್ಲಿ ಆದಿಕಾಂಡವನ್ನು ತೆರೆದರು. ಎರಡನೆಯ ದಿನ ಹುಡುಗನು ಓದುವದನ್ನು ನಿಲ್ಲಿಸಿ, “ಅಪ್ಪಾ, ನಿನ್ನೆ ಮೃಗಗಳು ಮೊದಲು ಉಂಟಾಗಿ ಮನುಷ್ಯನು ಕಡೆಗೆ ಬಂದನಷ್ಟೆ. ಈ ಹೊತ್ತು ಮನುಷ್ಯನು ಮೊದಲು, ಮೃಗಗಳು ಆಮೇಲೆ. ಯಾವದು ನಿಜ?” ಎಂದು ಕೇಳಿದನು. ತಂದೆಗೆ ಉತ್ತರ ತೋಚಲಿಲ್ಲ. “ದೇವರ ಮಾತಿನಲ್ಲಿ ಹಾಗೆಲ್ಲಾ ಕೇಳಬಾರದು” ಎಂದು ಗದರಿಸಿ ದೀಪವನ್ನು ಸಣ್ಣಗೆ ಮಾಡಿದನು. ಮಾರನೆಯ ದಿನದಿಂದ ಆ ಮನೆಯಲ್ಲಿ ಕೀರ್ತನೆಗಳನ್ನು ಮಾತ್ರ ಓದುತ್ತಿದ್ದರು. ಆದಿಕಾಂಡವನ್ನು ಯಾರೂ ತೆರೆಯಲಿಲ್ಲ. ಇದನ್ನು ನಮಗೆ ತಿಳಿಸಿದವನು ಆ ತಂದೆಯೇ, ಬಹಳ ಸಂಕಟದಿಂದ. ನಾವು ಅವನನ್ನು ದೂರುವದಿಲ್ಲ; ಉತ್ತರ ತೋಚದಿದ್ದಾಗ ಪುಟ ತಿರುವಿದವರಲ್ಲಿ ನಾವೂ ಸೇರಿದವರೇ. ಆದರೆ ಹುಡುಗನ ಕೈಯಲ್ಲಿ ಪ್ರಶ್ನೆ ಇದ್ದಿತು, ತಂದೆಯ ಮನಸ್ಸಿನಲ್ಲಿ ಭಯವಿದ್ದಿತು. ಈ ಎರಡರಲ್ಲಿ ಗ್ರಂಥವನ್ನು ಮುಚ್ಚಿಸಿದ್ದು ಭಯವೇ ಹೊರತು ಪ್ರಶ್ನೆಯಲ್ಲ.

ಮೊದಲು ಒಂದು ಮಾತನ್ನು ಒಪ್ಪಿಕೊಂಡುಬಿಡೋಣ. ಹುಡುಗನು ಸರಿಯಾಗಿಯೇ ಓದಿದ್ದನು. ಮೊದಲನೆಯ ವೃತ್ತಾಂತದಲ್ಲಿ ಒಂದನೆಯ ದಿನ ಬೆಳಕು, ಎರಡನೆಯ ದಿನ ಆಕಾಶಮಂಡಲ, ಮೂರನೆಯ ದಿನ ಒಣನೆಲವೂ ಅದರ ಮೇಲೆ ಹುಲ್ಲು ಗಿಡ ಮರಗಳೂ, ನಾಲ್ಕನೆಯ ದಿನ ಸೂರ್ಯ ಚಂದ್ರ ನಕ್ಷತ್ರಗಳು, ಐದನೆಯ ದಿನ ಮೀನುಗಳೂ ಪಕ್ಷಿಗಳೂ, ಆರನೆಯ ದಿನ ಭೂಜಂತುಗಳು, ಅವುಗಳ ತರುವಾಯ ಗಂಡು ಹೆಣ್ಣೆಂಬ ಮನುಷ್ಯರಿಬ್ಬರೂ ಏಕಕಾಲದಲ್ಲಿ. ಎರಡನೆಯ ವೃತ್ತಾಂತದಲ್ಲಿಯೋ ದಿನಗಳ ಎಣಿಕೆಯೇ ಇಲ್ಲ. ಅಲ್ಲಿ ಮೊದಲು ಒಬ್ಬ ಪುರುಷನು, ಆಮೇಲೆ ತೋಟ, ಆಮೇಲೆ ಅವನಿಗೆ ಜೊತೆಯನ್ನು ಹುಡುಕುತ್ತಾ ಮೃಗಪಕ್ಷಿಗಳು, ಎಲ್ಲಕ್ಕೂ ಕಡೆಗೆ ಸ್ತ್ರೀ.

ಕ್ರಮ ಮಾತ್ರವಲ್ಲ, ಮಾತಿನ ಧಾಟಿಯೂ ಬೇರೆ. ನಮ್ಮ ಕನ್ನಡ ಸತ್ಯವೇದವನ್ನು ಗಮನಿಸಿ ಓದುವವನಿಗೆ, ಮೊದಲನೆಯದರಲ್ಲಿ ‘ದೇವರು’ ಎಂದು ಮಾತ್ರ ಬರುವದೂ, ಎರಡನೆಯದರಲ್ಲಿ ‘ಯೆಹೋವ’ ಎಂಬ ನಾಮವು ಅದರೊಂದಿಗೆ ಸೇರಿ ಬರುವದೂ ಕಾಣುವದು. ಮೊದಲನೆಯದರಲ್ಲಿ ಎಲ್ಲೆಲ್ಲಿಯೂ ನೀರು. ನೀರನ್ನು ಬೇರ್ಪಡಿಸಿದ ಮೇಲೆಯೇ ನೆಲ ಕಾಣುವದು. ಎರಡನೆಯದರಲ್ಲಿ ಎಲ್ಲೆಲ್ಲಿಯೂ ಬರಗಾಡು. ಮಳೆ ಬಿದ್ದಿಲ್ಲ, ಉಳುವವನಿಲ್ಲ. ರೋಹಿಣಿ ಮಳೆಗೆ ಮುಂಚೆ ಹೊಲದ ಬದುವಿನ ಮೇಲೆ ನಿಂತು ಆಕಾಶ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯದರಲ್ಲಿ ದೇವರು ಅರಸನಂತೆ ಆಜ್ಞೆ ಕೊಡುತ್ತಾನೆ, ಕೊಟ್ಟ ಹಾಗೆಯೇ ಆಗುತ್ತದೆ. ಎರಡನೆಯದರಲ್ಲಿ ಕೈಯನ್ನು ಮಣ್ಣಿಗೆ ಹಾಕುತ್ತಾನೆ. ಅಲ್ಲಿ ಮನುಷ್ಯನನ್ನು ರೂಪಿಸಿದ್ದಕ್ಕೆ ಬಂದಿರುವ ಇಬ್ರಿಯ ಕ್ರಿಯಾಪದವು ಕುಂಬಾರನ ಕೆಲಸಕ್ಕೆ ಹೇಳುವ ಮಾತು. ಪ್ರವಾದಿಯಾದ ಯೆರೆಮೀಯನು ಇಳಿದು ಹೋದ ಕುಂಬಾರನ ಮನೆಯ ಹೆಸರು ಇದೇ ಧಾತುವಿನಿಂದ ಬಂದದ್ದು.

ಒಂದು ವೃತ್ತಾಂತ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹುಟ್ಟುವದೆಂಬದರಲ್ಲಿಯೂ ವಾಚಕರು ಮೋಸಹೋಗಬಾರದು. ಅಧ್ಯಾಯಗಳ ಅಂಕೆಗಳು ಮೂಲಗ್ರಂಥದವುಗಳಲ್ಲ. 13ನೆಯ ಶತಮಾನದ ಪ್ರಾರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲಿಷ್ ಧರ್ಮಪಂಡಿತನು ಮಾಡಿದ ವಿಭಾಗವೇ ಬಳಕೆಗೆ ಬಂದಿತು. ಬಹಳ ಉಪಯುಕ್ತವಾದ ಕೆಲಸ, ಆದರೆ ಇಲ್ಲಿ ಕೊಡಲಿಯು ಗೆಣ್ಣಿನ ಮೇಲೆ ಬೀಳಲಿಲ್ಲ. ಏಳನೆಯ ದಿನದ ವಿಶ್ರಾಂತಿಯು ಮೊದಲನೆಯ ವೃತ್ತಾಂತದ ತುದಿಯಾಗಿದ್ದರೂ ಎರಡನೆಯ ಅಧ್ಯಾಯದ ಮೊದಲನೆಯ ಮೂರು ವಚನಗಳಲ್ಲಿ ಬಿದ್ದಿದೆ. ಎರಡನೆಯ ವೃತ್ತಾಂತವು ನಾಲ್ಕನೆಯ ವಚನದಲ್ಲಿ ಹುಟ್ಟುವದು.

ಈ ಭೇದಗಳನ್ನು ಕಂಡುಹಿಡಿದವರು ದೇವಭಕ್ತಿಯ ವೈರಿಗಳೆಂದು ನಮ್ಮಲ್ಲಿ ಕೆಲವರು ಎಣಿಸುತ್ತಾರೆ. ಅದು ಹಾಗಲ್ಲ. ಫ್ರಾನ್ಸ್ ದೇಶದಲ್ಲಿ ಜಾನ್ ಆಸ್ಟ್ರುಕ್ ಎಂಬ ವೈದ್ಯನು 1753ರಲ್ಲಿ ತನ್ನ ಹೆಸರನ್ನು ಹಾಕದೆ ಒಂದು ಪುಸ್ತಕವನ್ನು ಪ್ರಕಟಿಸಿ, ದೇವರಿಗೆ ಎರಡು ಬಗೆಯ ನಾಮಗಳು ಬರುವದನ್ನು ತೋರಿಸಿ, ಮೋಶೆಯು ತನಗಿಂತ ಹಿಂದಿನ ಎರಡು ಮುಖ್ಯ ಬರಹಗಳನ್ನು ಕೂಡಿಸಿ ಆದಿಕಾಂಡವನ್ನು ಬರೆದಿರಬೇಕೆಂದು ವಾದಿಸಿದನು. ಮೋಶೆಯೇ ಗ್ರಂಥಕರ್ತನೆಂಬದನ್ನು ಕಾಪಾಡುವದೇ ಅವನ ಉದ್ದೇಶವಾಗಿತ್ತು. ನೂರಿಪ್ಪತ್ತೈದು ವರುಷಗಳ ತರುವಾಯ 1878ರಲ್ಲಿ ಜರ್ಮನಿಯ ಯೂಲಿಯುಸ್ ವೆಲ್‌ಹೌಸನ್ ಎಂಬ ಪಂಡಿತನು ಆ ಬರಹಗಳಿಗೆ ಬೇರೆಬೇರೆ ಕಾಲಗಳನ್ನು ಕಟ್ಟಿ ಬಹು ದೊಡ್ಡ ಚರ್ಚೆಯನ್ನು ಎಬ್ಬಿಸಿದನು. ಅವನ ವಾದದ ಅನೇಕ ಭಾಗಗಳ ವಿಷಯ ಇಂದಿಗೂ ಜಗಳವಿದೆ. ಆದರೆ ಈ ಎರಡು ವೃತ್ತಾಂತಗಳು ಎರಡು ಕೈಗಳಿಂದ ಬಂದವೆಂಬದನ್ನು ಇಂದಿನ ಪಂಡಿತರಲ್ಲಿ ಬಹುಮಂದಿ ಒಪ್ಪುತ್ತಾರೆ.

ಇನ್ನು, ಇವೆರಡನ್ನು ಹೇಗಾದರೂ ಒಂದೇ ಸಾಲಿಗೆ ತಂದು ನಿಲ್ಲಿಸಬೇಕೆಂದು ಹೆಣಗಿದವರೂ ಉಂಟು. ಅವರ ಮಾತುಗಳನ್ನು ಪರೀಕ್ಷಿಸೋಣ. ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ತ್ರುವಾ ಪಟ್ಟಣದಲ್ಲಿದ್ದ ರಾಶಿ ಎಂಬ ಯೆಹೂದ್ಯ ಬೋಧಕನು, ಮೊದಲನೆಯದು ಒಟ್ಟು ಮಾತು, ಎರಡನೆಯದು ಅದರ ವಿವರ ಎಂದು ಹೇಳಿದನು. ಊರಿಗೆ ಮರಳಿದವನು ‘ಜಾತ್ರೆಗೆ ಹೋಗಿ ಬಂದೆ’ ಎಂದು ಮೊದಲು ಹೇಳಿ, ಆಮೇಲೆ ಕೂತು ದಾರಿಯ ಸಂಗತಿಯನ್ನು ವಿಸ್ತರಿಸುವಂತೆ. ಇದರಲ್ಲಿ ಸಾರವಿದೆ. ಹಾಗೆಯೇ ಸಸ್ಯಗಳ ವಿಷಯದಲ್ಲಿ 20ನೆಯ ಶತಮಾನದ ಉಂಬೆರ್ಟೊ ಕಾಸುಟೊ ಎಂಬ ಯೆಹೂದ್ಯ ಪಂಡಿತನು ತೋರಿಸಿದ ಸಂಗತಿಯೂ ಗಮನಕ್ಕೆ ಯೋಗ್ಯವಾದದ್ದು. ಎರಡನೆಯ ಅಧ್ಯಾಯದ ಐದನೆಯ ವಚನವು ಭೂಮಿಯ ಮೇಲೆ ಯಾವ ಹಸುರೂ ಇರಲಿಲ್ಲವೆನ್ನುವದಿಲ್ಲ. ಹೊಲದ ಪೊದೆ, ಹೊಲದ ಪೈರು ಇರಲಿಲ್ಲವೆನ್ನುತ್ತದೆ. ಮಳೆಯೂ ಬೇಸಾಯಗಾರನೂ ಇಲ್ಲದ್ದರಿಂದ ಎಂದು ಕಾರಣವನ್ನೂ ಕೊಡುತ್ತದೆ. ಮೂರನೆಯ ಅಧ್ಯಾಯದಲ್ಲಿ ಮನುಷ್ಯನ ಬೆವರಿನೊಂದಿಗೆ ಬರುವ ಮುಳ್ಳುಗಿಡಗಳೂ ಹೊಲದ ಪೈರೂ ಇವೇ ಎಂದು ಅವನ ಅಭಿಪ್ರಾಯ. ರಾಗಿಯು ತಾನಾಗಿ ಸಾಲಿನಲ್ಲಿ ಹುಟ್ಟುವದಿಲ್ಲವೆಂದು ಬಲ್ಲ ನಮಗೆ ಈ ಭೇದವು ಸಹಜವಾಗಿಯೇ ತೋರುವದು. ಆದ್ದರಿಂದ ಸಸ್ಯಗಳ ವಿಷಯದಲ್ಲಿ ಹೇಳುವ ವಿರೋಧವು ಬಹಳ ಮಟ್ಟಿಗೆ ಕರಗುವದು.

ಮೃಗಗಳ ವಿಷಯವು ಹಾಗೆ ಕರಗುವದಿಲ್ಲ. ಕೆಲವು ಭಾಷಾಂತರಗಳಲ್ಲಿ ದೇವರು ಮೃಗಗಳನ್ನು ‘ಮೊದಲೇ ಉಂಟುಮಾಡಿದ್ದನು’ ಎಂಬರ್ಥ ಬರುವಂತೆ ಬರೆದು ಕ್ರಮವನ್ನು ಸರಿಪಡಿಸಿದ್ದಾರೆ. ನಮ್ಮ ಮನಸ್ಸಿಗೆ ಇದು ಒಪ್ಪುವದಿಲ್ಲ. ಕಥೆಯನ್ನು ಮುಂದಕ್ಕೆ ನಡಿಸುವ ಕ್ರಿಯಾಪದಕ್ಕೆ ಇಬ್ರಿಯದಲ್ಲಿ ಒಂದು ವಿಶೇಷ ರೂಪವಿದೆ. ‘ಆಮೇಲೆ ಹೀಗೆ ಮಾಡಿದನು’ ಎಂಬುವದಕ್ಕೆ ಸಮಾನವಾದದ್ದು. ಮನುಷ್ಯನನ್ನು ರೂಪಿಸಿದ್ದಕ್ಕೂ ತೋಟವನ್ನು ನೆಟ್ಟದ್ದಕ್ಕೂ ಮೃಗಗಳನ್ನು ರೂಪಿಸಿದ್ದಕ್ಕೂ ಅದೇ ರೂಪ ಬಂದಿದೆ. ಒಂದು ಕಡೆ ಮಾತ್ರ ಅದನ್ನು ಹಿಂದಕ್ಕೆ ತಿರುಗಿಸುವದು ಯಾಕೆ? ಕಥೆಯ ಹದವೂ ಅದನ್ನು ಒಪ್ಪದು. ಮನುಷ್ಯನು ಒಬ್ಬಂಟಿಗನಾಗಿರುವದು ಒಳ್ಳೇದಲ್ಲವೆಂದು ಕಂಡ ಮೇಲೆಯೇ ಮೃಗಗಳು ಒಂದೊಂದಾಗಿ ಅವನ ಮುಂದೆ ಬರುತ್ತವೆ, ಅವನು ಹೆಸರಿಡುತ್ತಾನೆ, ಆದರೂ ಒಂದೂ ಅವನಿಗೆ ಸರಿಜೊತೆಯಾಗುವದಿಲ್ಲ. ಈ ಹುಡುಕಾಟವನ್ನು ತೆಗೆದುಬಿಟ್ಟರೆ ಸ್ತ್ರೀಯನ್ನು ಕಂಡಾಗ ಆ ಪುರುಷನು ಪಟ್ಟ ಸಂತೋಷಕ್ಕೆ ಅರ್ಥವೆಲ್ಲಿ ಉಳಿಯುವದು? ತೇಪೆ ಹಾಕಿ ಬಟ್ಟೆಯನ್ನು ಉಳಿಸಹೋಗಿ ಬಣ್ಣವನ್ನು ಕೆಡಿಸಿದಂತಾಗುವದು. ಆದಕಾರಣ ನಾವು ನೇರವಾಗಿ ಹೇಳುತ್ತೇವೆ: ಸೃಷ್ಟಿಯ ಕ್ರಮದ ವಿಷಯದಲ್ಲಿ ಈ ಎರಡು ವೃತ್ತಾಂತಗಳು ಒಂದೇ ಅಲ್ಲ.

ಹಾಗಾದರೆ ಅವುಗಳಲ್ಲಿ ಒಂದು ಸುಳ್ಳೋ? ಇದಕ್ಕೆ ಉತ್ತರ ಕೊಡುವ ಮುಂಚೆ, ಇವೆರಡನ್ನು ಪಕ್ಕಪಕ್ಕದಲ್ಲಿಟ್ಟವನ ವಿಷಯ ಸ್ವಲ್ಪ ಯೋಚಿಸಬೇಕು. ಹನ್ನೆರಡು ವರುಷದ ಹುಡುಗನಿಗೆ ಕಂಡ ಭೇದವು ಆ ಬರಹಗಾರನಿಗೆ ಕಾಣಲಿಲ್ಲವೆನ್ನಬಹುದೇ? ಪ್ರತಿಯೊಂದು ಅಕ್ಷರವನ್ನು ಕೈಯಿಂದ ಬರೆದವನು ಅವನು. ಬೇಕಾಗಿದ್ದರೆ ಎರಡು ಮಾತು ತಿದ್ದಿ ಕ್ರಮವನ್ನು ಸರಿಮಾಡುತ್ತಿದ್ದನು. ಒಂದನ್ನು ಬಿಟ್ಟೂ ಬಿಡಬಹುದಾಗಿತ್ತು. ಅವನು ಎರಡನ್ನೂ ಪೂರ್ತಿಯಾಗಿ ಉಳಿಸಿದನು. ಸತ್ಯವೇದದಲ್ಲಿ ಇದೊಂದೇ ಸ್ಥಳದಲ್ಲಿ ಹೀಗಾಗಿಲ್ಲ. ಸೀಸೆರನ ಸೋಲನ್ನು ನ್ಯಾಯಸ್ಥಾಪಕರ ನಾಲ್ಕನೆಯ ಅಧ್ಯಾಯವು ಕಥೆಯಾಗಿ ಹೇಳಿದರೆ ಐದನೆಯದು ದೆಬೋರಳ ಹಾಡಾಗಿ ಹೇಳುತ್ತದೆ; ಸಮುದ್ರ ದಾಟಿದ್ದನ್ನು ವಿಮೋಚನಕಾಂಡದ ಹದಿನಾಲ್ಕು, ಹದಿನೈದನೆಯ ಅಧ್ಯಾಯಗಳು ಹಾಗೆಯೇ ಎರಡು ಸಾರಿ ಹೇಳುತ್ತವೆ; ನಮ್ಮ ಕರ್ತನ ಚರಿತ್ರೆಯನ್ನು ನಾಲ್ವರು ಬರೆದಿದ್ದಾರೆ. ಸೃಷ್ಟಿಯ ಮಾತು ಕೂಡ ಆದಿಕಾಂಡದಲ್ಲಿ ತೀರಿಹೋಗುವದಿಲ್ಲ. ಯೋಬನ 38ನೆಯ ಅಧ್ಯಾಯವನ್ನೂ 104ನೆಯ ಕೀರ್ತನೆಯನ್ನೂ ಓದಿ ನೋಡಿರಿ, ಅಲ್ಲಿ ಇನ್ನೂ ಬೇರೆ ಬಗೆಯ ವರ್ಣನೆ. ಇಸ್ರಾಯೇಲ್ಯರು ಸಾಕ್ಷಿಗಳನ್ನು ಒಂದೇ ಅಚ್ಚಿಗೆ ಹಾಕಿ ಹಿಸುಕುವ ಜನರಾಗಿರಲಿಲ್ಲ.

ಪ್ರತಿಯೊಂದು ವೃತ್ತಾಂತವು ಯಾವ ಪ್ರಶ್ನೆಗೆ ಉತ್ತರ ಹೇಳುತ್ತದೆಂಬದನ್ನು ಕೇಳಿದರೆ ದಾರಿ ತೆರೆಯುವದು.

ಮೊದಲನೆಯದು ಯೆಹೂದ್ಯರು ಬಾಬೆಲಿನಲ್ಲಿ ಸೆರೆಯಾಗಿದ್ದ ಕಾಲದಲ್ಲಿ, ಅಂದರೆ ಕ್ರಿಸ್ತಪೂರ್ವ ಆರನೆಯ ಶತಮಾನದ ಸುಮಾರಿಗೆ, ಈಗಿನ ರೂಪಕ್ಕೆ ಬಂದಿತೆಂದು ಅನೇಕ ಪಂಡಿತರು ಹೇಳುತ್ತಾರೆ. ಆ ಬಾಬೆಲಿನ ಸೃಷ್ಟಿಕಥೆಯು ಇಂದು ನಮ್ಮ ಕೈಯಲ್ಲಿದೆ. ನಿನೆವೆಯ ಹಾಳುದಿಬ್ಬಗಳಿಂದ ಅಗೆದು ತೆಗೆದ ಮಣ್ಣಿನ ಹಲಗೆಗಳನ್ನು ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಎಂಬವನು ಓದಿ, 1876ರಲ್ಲಿ ಅವುಗಳ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದನು. ಏಳು ಹಲಗೆಗಳ ಆ ಕಥೆಯಲ್ಲಿ ಮರ್ದುಕನೆಂಬ ದೇವನು ತಿಯಾಮತ್ ಎಂಬ ಸಮುದ್ರದೇವಿಯನ್ನು ಕೊಂದು, ಅವಳ ಹೆಣವನ್ನು ಎರಡಾಗಿ ಸೀಳಿ ಒಂದು ಹೋಳಿನಿಂದ ಆಕಾಶವನ್ನು ಮಾಡುತ್ತಾನೆ. ಮನುಷ್ಯರನ್ನೋ, ಸೋತ ಇನ್ನೊಬ್ಬ ದೇವನ ರಕ್ತದಿಂದ ಹುಟ್ಟಿಸುವದು. ಯಾತಕ್ಕೆಂದರೆ ದೇವರುಗಳ ಬಿಟ್ಟಿಕೆಲಸವನ್ನು ಅವರ ಹೆಗಲಿಗೆ ಹಾಕುವದಕ್ಕೆ. ವರುಷದ ಆರಂಭದ ಹಬ್ಬದಲ್ಲಿ ಇದನ್ನು ಬಾಬೆಲಿನ ಗುಡಿಯಲ್ಲಿ ಪಠಿಸುತ್ತಿದ್ದರು. ಸೆರೆಯವರಾದ ಇಸ್ರಾಯೇಲ್ಯರ ಕಿವಿಗೆ ಅದು ಬೀಳದೆ ಇರುವದೇ?

ಆ ಊರಿನಲ್ಲಿ ಕೂತು ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಓದಿರಿ. ಯುದ್ಧವಿಲ್ಲ, ಹೆಣವಿಲ್ಲ, ಸಮುದ್ರವು ದೇವಿಯಲ್ಲ, ಬರೀ ನೀರು. ಸೂರ್ಯಚಂದ್ರರ ಹೆಸರುಗಳನ್ನು ಕೂಡ ಬರಹಗಾರನು ಎತ್ತುವದಿಲ್ಲ. ದೊಡ್ಡ ದೀಪ, ಚಿಕ್ಕ ದೀಪ ಎಂದು ಹೇಳಿ ಬಿಡುತ್ತಾನೆ. ಯಾಕಂದರೆ ನೆರೆಯ ಜನಾಂಗಗಳಲ್ಲಿ ಆ ಹೆಸರುಗಳು ಅಡ್ಡಬೀಳತಕ್ಕ ದೇವರುಗಳ ಹೆಸರುಗಳಾಗಿದ್ದವು. ದಿನಗಳ ಜೋಡಣೆಯನ್ನೂ ನೋಡಿರಿ. ಮೊದಲನೆಯ ಮೂರು ದಿನ ಮನೆ ಕಟ್ಟಿದ್ದು, ಮುಂದಿನ ಮೂರು ದಿನ ಅದನ್ನು ತುಂಬಿದ್ದು: ಬೆಳಕಿಗೆ ದೀಪಗಳು, ಆಕಾಶಕ್ಕೂ ನೀರಿಗೂ ಪಕ್ಷಿಗಳೂ ಮೀನುಗಳೂ, ನೆಲಕ್ಕೆ ಮೃಗಗಳೂ ಮನುಷ್ಯರೂ. ಇದು ದಿನಚರಿಯ ಲೆಕ್ಕವಲ್ಲ, ಕಟ್ಟಡದ ನಕ್ಷೆ. ಕಡೆಗೆ, ಐಗುಪ್ತದಲ್ಲಿಯೂ ಬಾಬೆಲಿನ ಸೀಮೆಯಲ್ಲಿಯೂ ದೇವರ ಪ್ರತಿರೂಪವೆಂಬ ಬಿರುದು ಅರಸನಿಗೆ ಸಲ್ಲುತ್ತಿತ್ತು. ಈ ಅಧ್ಯಾಯವೋ ಆ ಬಿರುದನ್ನು ಸಿಂಹಾಸನದಿಂದ ಇಳಿಸಿ, ಗಂಡಸಿಗೂ ಹೆಂಗಸಿಗೂ, ಹುಟ್ಟಿದ ಪ್ರತಿಯೊಬ್ಬರಿಗೂ ಕೊಟ್ಟುಬಿಟ್ಟಿತು. ಬಿಟ್ಟಿಕೆಲಸಕ್ಕೆ ಹುಟ್ಟಿದವರೆಂದು ಕೇಳಿ ಕೇಳಿ ಬೇಸತ್ತ ಸೆರೆಯಾಳುಗಳಿಗೆ ಏಳನೆಯ ದಿನದ ವಿಶ್ರಾಂತಿಯನ್ನು ಕೊಡುವ ದೇವರು! ಇದರ ರುಚಿ ಯಾರಿಗೆ ಹತ್ತುವದೆಂಬದನ್ನು ಜೀತದ ಮನೆಗಳಲ್ಲಿ ಬೆಳೆದ ನಮ್ಮ ಹಿರಿಯರನ್ನು ಕೇಳಬೇಕು.

ಎರಡನೆಯ ವೃತ್ತಾಂತದ ಪ್ರಶ್ನೆಯು ಬೇರೆ. ಮನುಷ್ಯನು ಯಾರು, ನೆಲಕ್ಕೂ ಅವನಿಗೂ ಏನು ಸಂಬಂಧ, ಒಬ್ಬರಿಗೊಬ್ಬರು ಏನಾಗಬೇಕು? ಇಬ್ರಿಯದಲ್ಲಿ ಮನುಷ್ಯನಿಗೆ ‘ಆದಾಮ್’, ನೆಲಕ್ಕೆ ‘ಅದಾಮಾ’. ಮಾತಿನಲ್ಲಿಯೇ ಮಣ್ಣು ಅಂಟಿಕೊಂಡಿದೆ. ತೋಟವನ್ನು ಉಳುವದಕ್ಕೂ ಕಾಯುವದಕ್ಕೂ ಅವನನ್ನು ಇಟ್ಟರು. ಬೇಸಾಯವು ಪಾಪದ ತರುವಾಯ ಬಂದ ಶಿಕ್ಷೆಯೆಂದು ಕೆಲವರು ಹೇಳುವದು ತಪ್ಪು, ಅದು ಪಾಪಕ್ಕಿಂತ ಮುಂಚಿನದು. ಪುರುಷನನ್ನು ಒಬ್ಬನನ್ನಾಗಿಯೇ ಮಾಡಿದ್ದು ಯಾಕೆಂದು ಹಳೇ ಯೆಹೂದ್ಯ ಬೋಧಕರು ಕೇಳಿಕೊಂಡು ಕೊಟ್ಟ ಉತ್ತರವು ಕ್ರಿ. ಶ. 200ರ ಸುಮಾರಿಗೆ ಕೂಡಿಸಿದ ಮಿಷ್ನಾ ಗ್ರಂಥದಲ್ಲಿದೆ: ನನ್ನ ಮೂಲಪುರುಷನು ನಿನ್ನ ಮೂಲಪುರುಷನಿಗಿಂತ ದೊಡ್ಡವನೆಂದು ಯಾರೂ ಯಾರಿಗೂ ಹೇಳದಂತೆ. ಊರಿನ ಬಾವಿಗೆ ಬರಬಾರದೆಂಬ ಮಾತನ್ನು ಕೇಳಿದವರು ಈ ಉತ್ತರವನ್ನು ಎರಡು ಸಾರಿ ಓದಲಿ.

ಸ್ತ್ರೀಯ ವಿಷಯವೂ ಉಂಟು. ಅವಳನ್ನು ‘ಸಹಾಯಕಳು’ ಎಂದದ್ದನ್ನು ಹಿಡಿದುಕೊಂಡು, ಅವಳು ಮನೆಯ ಆಳೆಂದು ಭಾವಿಸುವ ಗಂಡಸರು ನಮ್ಮ ಸಭೆಗಳಲ್ಲಿ ಇಲ್ಲದಿಲ್ಲ. ಇಬ್ರಿಯದ ‘ಏಜೆರ್’ ಎಂಬ ಆ ಶಬ್ದವು ಹಳೇ ಒಡಂಬಡಿಕೆಯಲ್ಲಿ ಬಹಳವಾಗಿ ದೇವರಿಗೇ ಸಲ್ಲುವದು. ಸಮುವೇಲನು ಕಲ್ಲನ್ನು ನಿಲ್ಲಿಸಿ ಇಟ್ಟ ಎಬೆನೆಜೆರ್ ಎಂಬ ಹೆಸರಿನಲ್ಲಿರುವದೂ ಅದೇ ಶಬ್ದ. ದೇವರು ನಮಗೆ ಸಹಾಯಕನಾದ್ದರಿಂದ ಆಳಾದನೋ? ಆದರೂ ಎರಡನೆಯ ವೃತ್ತಾಂತವನ್ನು ಮಾತ್ರ ಓದುವವನು ಸ್ತ್ರೀಯು ಆಮೇಲೆ ಬಂದವಳೆಂದು ಹೆಮ್ಮೆಪಡಬಹುದು. ಅವನ ಬಾಯನ್ನು ಮೊದಲನೆಯದು ಮುಚ್ಚುವದು. ಅಲ್ಲಿ ಇಬ್ಬರೂ ಒಟ್ಟಿಗೆ, ಇಬ್ಬರಿಗೂ ಒಂದೇ ಪ್ರತಿರೂಪ. ಮೊದಲನೆಯದನ್ನು ಮಾತ್ರ ಓದುವವನು ತಾನು ಭೂಮಿಯನ್ನೆಲ್ಲಾ ಆಳುವ ಅರಸನೆಂದು ಉಬ್ಬಬಹುದು. ಅವನಿಗೆ ಎರಡನೆಯದು ಅವನ ಅಂಗಾಲಿನ ಧೂಳನ್ನು ತೋರಿಸುವದು.

ಭೂಮಿಯು ಸುಮಾರು 450 ಕೋಟಿ ವರುಷ ಹಳೆಯದೆಂದು ಶಾಲೆಯಲ್ಲಿ ಮಕ್ಕಳು ಕಲಿಯುತ್ತಾರೆ. ಅದಕ್ಕೂ ಇಲ್ಲಿ ಜಗಳ ತೆಗೆಯಬೇಕಾದದ್ದಿಲ್ಲ. ಅಗಸ್ಟೀನನು ಐದನೆಯ ಶತಮಾನದ ಆರಂಭದಲ್ಲಿ ಆದಿಕಾಂಡದ ಮೇಲೆ ಹನ್ನೆರಡು ಭಾಗಗಳ ವ್ಯಾಖ್ಯಾನವನ್ನು ಬರೆಯುತ್ತಾ, ಕ್ರೈಸ್ತರು ನಕ್ಷತ್ರಗಳ ವಿಷಯದಲ್ಲಿಯೂ ಪ್ರಾಣಿಗಳ ವಿಷಯದಲ್ಲಿಯೂ ತಿಳಿಯದ ಮಾತನ್ನಾಡಿ ತಿಳಿದವರ ಮುಂದೆ ಶಾಸ್ತ್ರವನ್ನು ನಗೆಗೀಡುಮಾಡಬಾರದೆಂದು ಎಚ್ಚರಿಸಿದನು. ಕ್ಯಾಲ್ವಿನನು 1554ರ ತನ್ನ ವ್ಯಾಖ್ಯಾನದಲ್ಲಿ, ಶನಿಗ್ರಹವು ಚಂದ್ರನಿಗಿಂತ ದೊಡ್ಡದೆಂದು ಖಗೋಳಶಾಸ್ತ್ರಜ್ಞರು ತೋರಿಸಿದ್ದನ್ನು ಒಪ್ಪಿ, ಮೋಶೆಯು ಸಾಮಾನ್ಯ ಜನರ ಕಣ್ಣಿಗೆ ಕಾಣುವಂತೆ ಬರೆದನೆಂದು ಹೇಳಿದನು. ನಮ್ಮ ಪ್ರಶ್ನೆಗಳಿಗೆ ನಾವೇ ಮೊದಲಿಗರೆಂದು ಎಣಿಸಿ ಗಾಬರಿಪಡುವದಕ್ಕೆ ಕಾರಣವಿಲ್ಲ.

ಈ ಎರಡು ವೃತ್ತಾಂತಗಳನ್ನು ನಮ್ಮ ಕರ್ತನು ಹೇಗೆ ಓದಿದನೆಂಬದನ್ನು ಮಾರ್ಕನ 10ನೆಯ ಅಧ್ಯಾಯದಲ್ಲಿಯೂ ಮತ್ತಾಯನ 19ನೆಯ ಅಧ್ಯಾಯದಲ್ಲಿಯೂ ಕಾಣುತ್ತೇವೆ. ಹೆಂಡತಿಯನ್ನು ಬಿಡುವದು ನ್ಯಾಯವೋ ಎಂದು ಫರಿಸಾಯರು ಕೇಳಿದರು. ಆಗ ಆತನು ಗಂಡು ಹೆಣ್ಣಾಗಿ ಉಂಟುಮಾಡಿದ ಮಾತನ್ನು ಮೊದಲನೆಯ ವೃತ್ತಾಂತದಿಂದಲೂ, ಇಬ್ಬರು ಒಂದೇ ಶರೀರವಾಗುವ ಮಾತನ್ನು ಎರಡನೆಯದರಿಂದಲೂ ತೆಗೆದು, ನಡುವೆ ಗೆರೆಯಿಲ್ಲದಂತೆ ಜೋಡಿಸಿ ಉತ್ತರ ಕೊಟ್ಟನು. ಯಾವದು ಮೊದಲು ಯಾವದು ಆಮೇಲೆ ಎಂಬದನ್ನು ಆತನು ಎತ್ತಲಿಲ್ಲ. ಹೆಂಡತಿಯನ್ನು ಸುಲಭವಾಗಿ ಬೀದಿಗೆ ತಳ್ಳಬಾರದೆಂಬದಕ್ಕೆ ಎರಡರ ಸಾಕ್ಷಿಯೂ ಆತನಿಗೆ ಬೇಕಾಗಿತ್ತು.

ಆ ಒಕ್ಕಲಿಗನಿಗೆ ನಾವು ಇಷ್ಟೆಲ್ಲಾ ಹೇಳಲಿಲ್ಲ. ಹೇಳುವಷ್ಟು ಹೊತ್ತೂ ಇರಲಿಲ್ಲ. “ನಿನ್ನ ಮಗನು ಸರಿಯಾಗಿ ಓದಿದನೆಂದು ಅವನಿಗೆ ಹೇಳು, ಇನ್ನೊಂದು ಸಾರಿ ಓದಿಸು” ಎಂದೆವು. ಅವನು ಹಾಗೆಯೇ ಮಾಡಿದನೆಂದೂ, ಹುಡುಗನು ಈಗ ನೋಹನ ನಾವೆಯಲ್ಲಿ ಪ್ರಾಣಿಗಳು ಎರಡೆರಡೋ ಏಳೇಳೋ ಎಂದು ಕೇಳುತ್ತಿದ್ದಾನೆಂದೂ ಮೊನ್ನೆ ಸಂತೆಯಲ್ಲಿ ಸಿಕ್ಕಾಗ ನಗುತ್ತಾ ತಿಳಿಸಿದನು. ಅದಕ್ಕೆ ಉತ್ತರವನ್ನು ಇನ್ನೊಂದು ತಿಂಗಳು ಬರೆಯುತ್ತೇವೆ. ಮುಂದಿನ ಪಾಠವು ಮೂರನೆಯ ಅಧ್ಯಾಯ. ಅದರಲ್ಲಿ ನೆಲ, ಮಣ್ಣು, ಧೂಳು ಎಂಬ ಮಾತುಗಳು ಎಲ್ಲೆಲ್ಲಿ ಬರುತ್ತವೆಂಬದನ್ನು ಮನೆಯಲ್ಲಿ ಓದುವಾಗ ಸೀಸದ ಕಡ್ಡಿಯಿಂದ ಗುರುತು ಹಾಕಿಟ್ಟುಕೊಂಡಿರಿ.